ಬ್ರಾಡ್ ಸ್ಟ್ರೀಟಿನ ಬಾವಿ: ೧೮೫೪ರ ಲಂಡನ್ ಕಾಲರಾ ಮತ್ತು ಒಂದು ಪ್ಯಾರಿಷ್‌ನ ವಿಚಾರಣೆ

೧

ಸಾರ್ವಜನಿಕ ಆರೋಗ್ಯಶಾಸ್ತ್ರದ ಚರಿತ್ರೆಯನ್ನು ಬರೆದವರು ತಪ್ಪದೆ ಹೇಳುವ ಕಥೆಯೊಂದುಂಟು. ೧೮೫೪ನೆಯ ಇಸವಿಯಲ್ಲಿ ಲಂಡನ್ ನಗರದ ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಸುತ್ತಮುತ್ತ ಕಾಲರಾ ಜಾಡ್ಯವು ಹಬ್ಬಿ ಹತ್ತು ದಿನಗಳಲ್ಲಿ ಐನೂರಕ್ಕೂ ಹೆಚ್ಚು ಜನ ಮಡಿದರು. ಜಾನ್ ಸ್ನೋ ಎಂಬ ವೈದ್ಯನು ಸತ್ತವರ ಮನೆಗಳನ್ನು ನಕ್ಷೆಯೊಂದರಲ್ಲಿ ಗುರುತಿಸಿ, ಆ ಬೀದಿಯ ಪಂಪಿನ ನೀರೇ ಮೃತ್ಯುವಿಗೆ ಕಾರಣವೆಂದು ಕಂಡುಕೊಂಡನು. ಪಂಪಿನ ಹಿಡಿಯನ್ನು ಕಳಚಿಸಿದನು. ಜಾಡ್ಯವು ಅಲ್ಲಿಗೆ ನಿಂತಿತು. ಕಥೆಯು ಇಷ್ಟೆ.

ಇದರಲ್ಲಿ ಸತ್ಯಾಂಶವು ಬಹಳವಿದೆಯಾದರೂ ಸಂಗತಿಗಳ ಕ್ರಮವು ಹಾಗಿರಲಿಲ್ಲ. ಸ್ನೋ ಪಂಪನ್ನು ಶಂಕಿಸಿದ್ದು ನಕ್ಷೆಯನ್ನು ನೋಡಿ ಅಲ್ಲ. ನಕ್ಷೆಯು ಜಾಡ್ಯವು ಅಡಗಿದ ಮೇಲೆ, ತನ್ನ ವಾದವನ್ನು ಇತರರಿಗೆ ತೋರಿಸುವುದಕ್ಕಾಗಿ, ಸಿದ್ಧವಾದುದು. ಹಿಡಿಯನ್ನು ತೆಗೆದ ದಿನ ಜಾಡ್ಯವು ಆಗಲೇ ಇಳಿಮುಖವಾಗಿದ್ದಿತು. ಹಿಡಿಯನ್ನು ತೆಗೆದವರಿಗಾಗಲಿ, ಆ ಭಾಗದ ಜನರಿಗಾಗಲಿ, ಸ್ನೋನ ಮಾತಿನಲ್ಲಿ ನಂಬಿಕೆಯಿರಲಿಲ್ಲ. ಆ ನಂಬಿಕೆಯು ಹುಟ್ಟಿದ್ದು ಎಷ್ಟೋ ತಿಂಗಳ ಅನಂತರ; ಅದೂ, ಸ್ನೋ ಹೇಳುವುದು ತಪ್ಪೆಂದು ತೋರಿಸಲು ಹೊರಟ ಒಬ್ಬ ತರುಣ ಪಾದ್ರಿಯ ಪರಿಶ್ರಮದಿಂದ. ಸತ್ತವರನ್ನು ಎಣಿಸಿದವನು ವೈದ್ಯ. ಬದುಕಿದವರನ್ನು ಎಣಿಸಿದವನು ಪಾದ್ರಿ. ಈ ಎರಡು ಲೆಕ್ಕಗಳೂ ಕೂಡಿದಾಗಲೇ ಪ್ರಮಾಣವು ಪೂರ್ಣವಾಯಿತು. ಅದು ಹೇಗೆ ಆಯಿತೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

೨

ಇಂಗ್ಲೆಂಡಿನಲ್ಲಿ ಪ್ಯಾರಿಷ್ ಎಂದರೆ ಮೂಲತಃ ಒಂದು ಚರ್ಚಿಗೆ ಸೇರಿದ ಪ್ರದೇಶ. ಆ ಎಲ್ಲೆಯೊಳಗಿನ ಮನೆಗಳಲ್ಲಿ ನಡೆಯುವ ನಾಮಕರಣ, ವಿವಾಹ, ಶವಸಂಸ್ಕಾರಗಳು ಆ ಚರ್ಚಿನ ಪಾದ್ರಿಯ ಹೊಣೆಗೆ ಸೇರಿದುವು. ಕಾಲಕ್ರಮದಲ್ಲಿ ಅನೇಕ ಲೌಕಿಕ ಕಾರ್ಯಗಳೂ ಪ್ಯಾರಿಷ್‌ನ ಪಾಲಿಗೆ ಬಂದವು. ಬಡವರ ಪರಾಮರಿಕೆ, ಅದಕ್ಕಾಗಿ ಮನೆಗಳ ಮೇಲೆ ತೆರಿಗೆ, ಬೀದಿಗಳ ನೆಲಗಟ್ಟು, ದೀಪ, ಬೀದಿಯ ಬಾವಿಗಳು ಇವೆಲ್ಲವೂ ಪ್ಯಾರಿಷ್‌ನ ಆಡಳಿತಕ್ಕೆ ಒಳಪಟ್ಟಿದ್ದವು. ಈ ಆಡಳಿತವನ್ನು ನಡೆಸುವ ಸಭೆಗೆ ವೆಸ್ಟ್ರಿ ಎಂದು ಹೆಸರು. ಪಾದ್ರಿಗಳು ಉಡುಪು ಧರಿಸುವ ಕೋಣೆಯಲ್ಲಿ ಪೂರ್ವದಲ್ಲಿ ಸಭೆ ಸೇರುತ್ತಿದ್ದುದರಿಂದ ಕೋಣೆಯ ಹೆಸರೇ ಸಭೆಗೂ ಬಂದಿತು. ಬಡವರ ವಿಚಾರವನ್ನು ನೋಡಿಕೊಳ್ಳಲು ಪಾಲಕ ಮಂಡಲಿಯೆಂಬ ಬೇರೊಂದು ಸಮಿತಿಯಿದ್ದಿತು. ನಿರ್ಗತಿಕರಿಗೆ ಅನ್ನವಿತ್ತು ಕೆಲಸವನ್ನೂ ತೆಗೆದುಕೊಳ್ಳುವ ವರ್ಕ್‌ಹೌಸ್ ಎಂಬ ಆಶ್ರಯಗೃಹಗಳಿದ್ದವು.

೧೮೫೪ರಲ್ಲಿ ಲಂಡನ್ನಿಗೆಲ್ಲ ಒಂದೇ ಪುರಸಭೆಯೆಂಬುದಿರಲಿಲ್ಲ. ಪುರಾತನವಾದ ಒಳನಗರಕ್ಕೆ ಮಾತ್ರ ಒಂದು ಕಾರ್ಪೊರೇಷನ್ ಇದ್ದಿತು. ಉಳಿದ ವಿಶಾಲ ನಗರವೆಲ್ಲವೂ ಪ್ಯಾರಿಷ್‌ಗಳ ಮತ್ತು ಬಗೆಬಗೆಯ ಮಂಡಲಿಗಳ ಕೈಯಲ್ಲಿದ್ದಿತು. ನಲ್ಲಿಯ ನೀರನ್ನು ಒದಗಿಸುವುದು ಲಾಭಕ್ಕಾಗಿ ದುಡಿಯುವ ಕಂಪನಿಗಳ ವ್ಯಾಪಾರವಾಗಿದ್ದಿತು. ಕಂಪನಿಯ ನೀರು ಬರುವ ಬೀದಿಗಳಲ್ಲಿಯೂ ಜನರು ಕುಡಿಯುವ ನೀರಿಗೆ ಹಳೆಯ ಬೀದಿಬಾವಿಗಳ ಪಂಪುಗಳನ್ನೇ ಮೆಚ್ಚಿಕೊಂಡಿದ್ದರು.

ವೆಸ್ಟ್‌ಮಿನ್ಸ್ಟರಿನ ಸೇಂಟ್ ಜೇಮ್ಸ್ ಪ್ಯಾರಿಷ್ ಇಂತಹುದರಲ್ಲಿ ಒಂದು. ಅದರ ಒಂದು ಪಾರ್ಶ್ವದಲ್ಲಿ ಶ್ರೀಮಂತರ ಸೌಧಗಳು. ಇನ್ನೊಂದು ಪಾರ್ಶ್ವವಾದ ಸೋಹೋ ಭಾಗದಲ್ಲಿ ಗೋಲ್ಡನ್ ಸ್ಕ್ವೇರ್, ಬೆರಿಕ್ ಸ್ಟ್ರೀಟ್, ಬ್ರಾಡ್ ಸ್ಟ್ರೀಟ್ ಮುಂತಾದ ಇಕ್ಕಟ್ಟಾದ ಬೀದಿಗಳು. ಹಿಂದೊಮ್ಮೆ ಕುಲೀನರು ವಾಸಿಸುತ್ತಿದ್ದ ಅಲ್ಲಿನ ಮನೆಗಳು ಹತ್ತೊಂಬತ್ತನೆಯ ಶತಮಾನದ ಮಧ್ಯದ ವೇಳೆಗೆ ಕೋಣೆಗೊಂದು ಸಂಸಾರದಂತೆ ಹಂಚಿಹೋಗಿದ್ದವು. ದರ್ಜಿಗಳು, ಚಮ್ಮಾರರು, ಸಣ್ಣ ಅಂಗಡಿಕಾರರು, ಕೂಲಿಯವರು ಅಲ್ಲಿ ತುಂಬಿದ್ದರು. ಹಲವು ಮನೆಗಳ ಅಡಿಯಲ್ಲಿ ಇಟ್ಟಿಗೆಯಿಂದ ಕಟ್ಟಿದ ಮಲಗುಂಡಿಗಳಿದ್ದವು. ಒಳಚರಂಡಿಯಿರುವ ಕಡೆಯಲ್ಲಿಯೂ ಈ ಹಳೆಯ ಗುಂಡಿಗಳನ್ನು ಅನೇಕರು ಮುಚ್ಚಿಸಿರಲಿಲ್ಲ.

೩

ಕಾಲರಾ ಅಥವಾ ವಾಂತಿಭೇದಿಯು ಬಂಗಾಳದ ನದೀಮುಖ ಪ್ರದೇಶಗಳಲ್ಲಿ ಬಹುಕಾಲದಿಂದಲೂ ಇದ್ದ ಜಾಡ್ಯ. ೧೮೧೭ರಿಂದ ಅದು ವರ್ತಕರ, ಸೈನಿಕರ, ಯಾತ್ರಿಕರ ದಾರಿಗಳನ್ನು ಹಿಡಿದು ಹೊರಗೆ ಹರಡತೊಡಗಿ ೧೮೩೧ರಲ್ಲಿ ಇಂಗ್ಲೆಂಡಿನ ಸಂಡರ್ಲೆಂಡ್ ರೇವನ್ನು ಮುಟ್ಟಿತು. ೧೮೪೮-೪೯ರಲ್ಲಿ ಎರಡನೆಯ ಸಲ, ೧೮೫೩-೫೪ರಲ್ಲಿ ಮೂರನೆಯ ಸಲ ಅದು ಆ ದೇಶಕ್ಕೆ ನುಗ್ಗಿತು. ಬೆಳಿಗ್ಗೆ ಆರೋಗ್ಯವಾಗಿದ್ದವನು ಅಕ್ಕಿ ತೊಳೆದ ನೀರಿನಂತೆ ಭೇದಿಯಾಗಿ, ಕೈಕಾಲು ಸೆಡೆತು, ಮೈ ನೀಲಿಗಟ್ಟಿ, ರಾತ್ರಿಯಾಗುವುದರೊಳಗೆ ಸಾಯುತ್ತಿದ್ದನು. ದೇಹದೊಳಗಿನ ನೀರೂ ಲವಣವೂ ಬರಿದಾಗುವುದೇ ಮರಣಕ್ಕೆ ಕಾರಣವೆಂದು ಈಗ ತಿಳಿದಿದೆ. ಅಂದಿನ ವೈದ್ಯರಲ್ಲಿ ಹಲವರು ರೋಗಿಗೆ ಇನ್ನಷ್ಟು ಭೇದಿಯ ಮದ್ದನ್ನು ಕೊಡುತ್ತಿದ್ದರು, ಇಲ್ಲವೆ ರಕ್ತವನ್ನು ತೆಗೆಯುತ್ತಿದ್ದರು.

ಜಾಡ್ಯವು ಹೇಗೆ ಹರಡುವುದೆಂಬ ವಿಷಯದಲ್ಲಿ ಅಂದಿನ ವಿದ್ವಾಂಸರಲ್ಲಿ ಬಹುಮಂದಿಯ ಮತವು ಒಂದೇ ಆಗಿದ್ದಿತು. ಕೊಳೆತ ವಸ್ತುಗಳಿಂದ ಏಳುವ ದುರ್ವಾಯುವು ಉಸಿರಿನ ಮೂಲಕ ಒಳಹೊಕ್ಕು ರಕ್ತವನ್ನು ಕೆಡಿಸುವುದೆಂದು ಅವರು ನಂಬಿದ್ದರು. ಕನ್ನಡನಾಡಿನ ಹಳ್ಳಿಗಳಲ್ಲಿ ಇದೇ ಜಾಡ್ಯವನ್ನು ಮಾರಿಯ ಮುನಿಸೆಂದು ತಿಳಿದು, ಮಾರಿಯನ್ನು ಊರಿನ ಗಡಿಯಾಚೆಗೆ ಸಾಗಿಸುತ್ತಿದ್ದರು. ಲಂಡನ್ನಿನ ಸುಶಿಕ್ಷಿತರು ಕಾಣದ ಆ ಮಾರಿಗೆ ದುರ್ವಾಯುವೆಂಬ ಶಾಸ್ತ್ರೀಯ ನಾಮವನ್ನು ಕೊಟ್ಟಿದ್ದರೆಂದು ಹೇಳಿದರೆ ಅತ್ಯುಕ್ತಿಯಾಗಲಾರದು. ಆದರೆ ಈ ಮತವು ಕೇವಲ ಮೌಢ್ಯವಾಗಿರಲಿಲ್ಲ. ೧೮೪೨ರಲ್ಲಿ ಎಡ್ವಿನ್ ಚಾಡ್ವಿಕ್ ದುಡಿಯುವ ಜನರ ವಾಸಸ್ಥಿತಿಯನ್ನು ಕುರಿತು ಪ್ರಕಟಿಸಿದ ವರದಿಯೂ, ೧೮೪೮ರ ಸಾರ್ವಜನಿಕ ಆರೋಗ್ಯ ಶಾಸನವೂ ಈ ನಂಬಿಕೆಯ ಫಲಗಳೇ. ಕೊಳೆಯನ್ನು ತೆಗೆಯಬೇಕೆಂಬ ಉಪದೇಶವು ಒಳ್ಳೆಯದೇ ಆಗಿದ್ದಿತು. ಆದರೆ ಅದೇ ಉಪದೇಶದಂತೆ ಮಲಗುಂಡಿಗಳನ್ನು ಬರಿದುಮಾಡಿ, ಕೊಳೆಯನ್ನೆಲ್ಲ ಚರಂಡಿಗಳ ಮೂಲಕ ಥೇಮ್ಸ್ ನದಿಗೆ ಬಿಟ್ಟು, ಆ ನದಿಯ ನೀರನ್ನೇ ಕಂಪನಿಗಳು ಮನೆಗಳಿಗೆ ಒದಗಿಸಿದಾಗ, ವಾಸನೆಯು ಮನೆಯಿಂದ ಹೊರಟುಹೋಗಿ ವಿಷವು ಮನೆಗೆ ಹಿಂದಿರುಗಿತು.

ಜಾನ್ ಸ್ನೋ ಈ ಮತವನ್ನು ಒಪ್ಪಿರಲಿಲ್ಲ. ಅವನು ೧೮೧೩ರಲ್ಲಿ ಯಾರ್ಕ್ ನಗರದ ಕೂಲಿಗಾರನೊಬ್ಬನ ಮಗನಾಗಿ ಹುಟ್ಟಿ, ಹದಿನಾಲ್ಕನೆಯ ವಯಸ್ಸಿನಲ್ಲಿ ನ್ಯೂಕಾಸಲ್ಲಿನ ವೈದ್ಯನೊಬ್ಬನ ಬಳಿ ಶಿಷ್ಯವೃತ್ತಿಗೆ ಸೇರಿದನು. ಕಾಲರಾವು ಮೊದಲ ಸಲ ಬಂದಾಗ ಕಲ್ಲಿದ್ದಲ ಗಣಿಯ ಕೆಲಸಗಾರರಿಗೆ ಚಿಕಿತ್ಸೆಮಾಡಿದ್ದನು. ಗಣಿಯೊಳಗೆ ಮಲವಿಸರ್ಜನೆಗೆ ಸ್ಥಳವಿಲ್ಲದೆ, ಕೈತೊಳೆಯಲು ನೀರಿಲ್ಲದೆ, ಅಲ್ಲಿಯೇ ಊಟಮಾಡುವವರಲ್ಲಿ ಜಾಡ್ಯವು ಹೆಚ್ಚುವುದನ್ನು ಮುಂದೆ ಅವನು ತನ್ನ ವಾದಕ್ಕೆ ನಿದರ್ಶನವಾಗಿ ಬಳಸಿದನು. ಲಂಡನ್ನಿಗೆ ಬಂದು ಅರಿವಳಿಕೆಯ ಶಾಸ್ತ್ರದಲ್ಲಿ ಅಗ್ರಗಣ್ಯನೆನಿಸಿ, ೧೮೫೩ರಲ್ಲಿ ವಿಕ್ಟೋರಿಯಾ ರಾಣಿಯ ಪ್ರಸವಕಾಲದಲ್ಲಿ ಕ್ಲೋರೋಫಾರಂ ಕೊಟ್ಟವನು ಇವನೇ. ಅನಿಲಗಳ ಗುಣವನ್ನು ಚೆನ್ನಾಗಿ ಬಲ್ಲವನಾದುದರಿಂದಲೇ ದುರ್ವಾಯುವಿನ ವಾದವು ಅವನಿಗೆ ಹಿಡಿಸಲಿಲ್ಲ. ಉಸಿರಿನಿಂದ ಬರುವ ವಿಷವು ಮೊದಲು ಶ್ವಾಸಕೋಶವನ್ನೋ ರಕ್ತವನ್ನೋ ಕೆಡಿಸಬೇಕು. ಆದರೆ ಕಾಲರಾವು ಮೊದಲು ತೋರುವುದು ಕರುಳಿನಲ್ಲಿ. ಆದಕಾರಣ ಅದರ ಬೀಜವು ಬಾಯಿಯ ಮೂಲಕವೇ ಒಳಹೋಗಬೇಕು, ರೋಗಿಯ ಭೇದಿಯಲ್ಲಿಯೇ ಹೊರಬೀಳಬೇಕು ಎಂದು ಅವನು ತರ್ಕಿಸಿ, ೧೮೪೯ರಲ್ಲಿ ಒಂದು ಚಿಕ್ಕ ಪುಸ್ತಕವನ್ನು ಪ್ರಕಟಿಸಿದನು. ಓದಿದವರು ಹಲವರು, ಒಪ್ಪಿದವರು ಕೆಲವರು.

೪

೧೮೫೪ರ ಆಗಸ್ಟ್ ೩೧ರ ರಾತ್ರಿ ಬ್ರಾಡ್ ಸ್ಟ್ರೀಟಿನ ಸುತ್ತ ಜಾಡ್ಯವು ಒಮ್ಮೆಲೆ ಸಿಡಿಯಿತು. ಮಾರಕವಾಗಿ ಪರಿಣಮಿಸಿದ ಪ್ರಕರಣಗಳಲ್ಲಿ ೧೪೩ ಸೆಪ್ಟೆಂಬರ್ ೧ರಂದು ಪ್ರಾರಂಭವಾದುವೆಂದು ಸ್ನೋ ಮುಂದೆ ಸಂಗ್ರಹಿಸಿದ ಪಟ್ಟಿಯಿಂದ ತಿಳಿಯುತ್ತದೆ. ಮಾರನೆಯ ದಿನ ಹೊಸದಾಗಿ ೧೧೬. ಬ್ರಾಡ್ ಸ್ಟ್ರೀಟಿಗೆ ಕೇಂಬ್ರಿಜ್ ಸ್ಟ್ರೀಟ್ ಸೇರುವ ಸ್ಥಳದಿಂದ ೨೫೦ ಗಜಗಳೊಳಗೆ ಹತ್ತು ದಿನಗಳಲ್ಲಿ ಐನೂರಕ್ಕೂ ಮೇಲ್ಪಟ್ಟು ಮರಣಗಳು ಸಂಭವಿಸಿದವು. ಆರು ದಿನಗಳು ತುಂಬುವ ಮೊದಲೇ ಹೆಚ್ಚು ಪೀಡಿತವಾದ ಬೀದಿಗಳಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚು ಜನರು ಮನೆಬಿಟ್ಟು ಓಡಿಹೋದರು. ಒಟ್ಟು ಮೃತರ ಸಂಖ್ಯೆ ೬೧೬.

ಸ್ನೋ ವಾಸವಾಗಿದ್ದುದು ಅಲ್ಲಿಗೆ ಸಮೀಪದ ಸ್ಯಾಕ್ವಿಲ್ ಸ್ಟ್ರೀಟಿನಲ್ಲಿ. ಸೆಪ್ಟೆಂಬರ್ ೩ರ ಸಂಜೆ ಅವನು ಬ್ರಾಡ್ ಸ್ಟ್ರೀಟಿನ ಪಂಪಿನ ನೀರನ್ನು ತೆಗೆದು ಪರೀಕ್ಷಿಸಿದನು. ನೀರು ತಿಳಿಯಾಗಿಯೇ ಇದ್ದಿತು. ಅದರಲ್ಲಿ ಆಕ್ಷೇಪಾರ್ಹವಾದುದು ಹೆಚ್ಚೇನೂ ಕಾಣಲಿಲ್ಲ. ಮುಂದಿನ ದಿನಗಳಲ್ಲಿ ಬಿಳಿಯ ಸಣ್ಣ ಕಣಗಳು ಕಂಡುಬಂದರೂ ಅವುಗಳಿಂದ ಏನನ್ನೂ ನಿರ್ಧರಿಸುವಂತಿರಲಿಲ್ಲ. ನೀರು ಉತ್ತರ ಹೇಳದಿದ್ದಾಗ ಅವನು ಜನರನ್ನು ಕೇಳಲು ಹೊರಟನು.

ಜನನ ಮರಣಗಳನ್ನು ನೋಂದಾಯಿಸುವ ರಿಜಿಸ್ಟ್ರಾರ್ ಜನರಲ್ ಕಚೇರಿಯಿಂದ ಆ ವಾರದ ಕೊನೆಯ ಮೂರು ದಿನಗಳಲ್ಲಿ ಆ ಭಾಗದಲ್ಲಿ ಸಂಭವಿಸಿದುವೆಂದು ನೋಂದಣಿಯಾದ ೮೩ ಮರಣಗಳ ಪಟ್ಟಿಯನ್ನು ಅವನು ಪಡೆದನು. ಇವುಗಳಲ್ಲಿ ಹೆಚ್ಚು ಕಡಮೆ ಎಲ್ಲವೂ ಬ್ರಾಡ್ ಸ್ಟ್ರೀಟಿನ ಪಂಪಿನ ಸಮೀಪದಲ್ಲಿಯೇ ಆಗಿದ್ದವು. ಹತ್ತು ಮರಣಗಳು ಮಾತ್ರ ಬೇರೊಂದು ಪಂಪು ಹೆಚ್ಚು ಹತ್ತಿರವಾಗಿದ್ದ ಮನೆಗಳಲ್ಲಿ ಸಂಭವಿಸಿದ್ದವು. ಆ ಹತ್ತರಲ್ಲಿ ಐದು ಮಂದಿಯ ಮನೆಯವರು, ರುಚಿಯ ಕಾರಣದಿಂದ, ಯಾವಾಗಲೂ ಬ್ರಾಡ್ ಸ್ಟ್ರೀಟಿನ ನೀರನ್ನೇ ತರಿಸುತ್ತಿದ್ದರು. ಮೂವರು ಆ ಪಂಪಿನ ಹತ್ತಿರವಿದ್ದ ಶಾಲೆಗೆ ಹೋಗುವ ಮಕ್ಕಳು. ಪಂಪಿನ ಸಮೀಪದ ಉಳಿದ ೭೩ ಮರಣಗಳಲ್ಲಿ ೬೧ ಮಂದಿ ಆ ನೀರನ್ನು ಕುಡಿಯುತ್ತಿದ್ದರೆಂದು ತಿಳಿಯಿತು. ಆರು ಮಂದಿ ಕುಡಿಯುತ್ತಿರಲಿಲ್ಲ. ಇನ್ನು ಆರು ಮಂದಿಯ ವಿಷಯವನ್ನು ಹೇಳಬಲ್ಲವರು ಯಾರೂ ಉಳಿದಿರಲಿಲ್ಲ, ಇದ್ದವರು ಊರುಬಿಟ್ಟಿದ್ದರು.

ನೀರನ್ನು ತಿಳಿಯದೆಯೇ ಕುಡಿದವರೂ ಉಂಟು. ಹತ್ತಿರದ ಪಾನಗೃಹಗಳಲ್ಲಿ ಅದನ್ನು ಮದ್ಯಕ್ಕೆ ಬೆರೆಸುತ್ತಿದ್ದರು. ಸಣ್ಣ ಅಂಗಡಿಗಳಲ್ಲಿ ಅದಕ್ಕೆ ನೊರೆಯೇಳುವ ಪುಡಿಯನ್ನು ಹಾಕಿ ಶರಬತ್ತೆಂದು ಮಾರುತ್ತಿದ್ದರು. ಊಟಕ್ಕೆ ಆ ನೀರನ್ನೇ ಕೊಡುತ್ತಿದ್ದ ಕಾಫಿ ಅಂಗಡಿಯ ಯಜಮಾನಿಯು ತನ್ನ ಗಿರಾಕಿಗಳಲ್ಲಿ ಒಂಬತ್ತು ಮಂದಿ ಆಗಲೇ ಸತ್ತುದನ್ನು ಸೆಪ್ಟೆಂಬರ್ ೬ರಂದು ಸ್ನೋಗೆ ತಿಳಿಸಿದಳು.

ಸಾಯಬೇಕಾದ ಸ್ಥಳದಲ್ಲಿ ಸಾಯದವರ ಸಂಗತಿಯೂ ಅಷ್ಟೇ ಬೋಧಪ್ರದವಾಗಿದ್ದಿತು. ಪೋಲೆಂಡ್ ಸ್ಟ್ರೀಟಿನ ವರ್ಕ್‌ಹೌಸಿನ ಸುತ್ತಲೂ ಮನೆಮನೆಯಲ್ಲಿ ಸಾವಾಗುತ್ತಿದ್ದರೂ, ಅದರೊಳಗಿನ ೫೩೫ ಮಂದಿ ಬಡವರಲ್ಲಿ ಸತ್ತವರು ಐವರು ಮಾತ್ರ. ಆ ಆಶ್ರಯಗೃಹಕ್ಕೆ ಸ್ವಂತ ಬಾವಿಯಿದ್ದಿತು. ಕಂಪನಿಯ ನೀರೂ ಬರುತ್ತಿದ್ದಿತು. ಬ್ರಾಡ್ ಸ್ಟ್ರೀಟಿನಲ್ಲಿಯೇ ಇದ್ದ ಬೀರ್ ತಯಾರಿಸುವ ಕಾರ್ಖಾನೆಯ ಎಪ್ಪತ್ತಕ್ಕೂ ಮೇಲ್ಪಟ್ಟ ಆಳುಗಳಲ್ಲಿ ಒಬ್ಬನೂ ಸಾಯಲಿಲ್ಲ. ಅವರಿಗೆ ಕುಡಿಯಲು ಬೀರ್ ಉಚಿತವಾಗಿ ಸಿಗುತ್ತಿದ್ದಿತು. ಕಾರ್ಖಾನೆಯೊಳಗೆ ಬೇರೆ ಬಾವಿಯೂ ಇದ್ದಿತು. ಅದೇ ಬೀದಿಯ ಕೋವಿಯ ಕೇಪುಗಳನ್ನು ತಯಾರಿಸುವ ಕಾರ್ಖಾನೆಯಲ್ಲಾದರೋ ಕೆಲಸಗಾರರಿಗಾಗಿ ಪಂಪಿನ ನೀರನ್ನು ಎರಡು ತೊಟ್ಟಿಗಳಲ್ಲಿ ತುಂಬಿಡುತ್ತಿದ್ದರು. ಸುಮಾರು ಇನ್ನೂರು ಮಂದಿಯಲ್ಲಿ ಹದಿನೆಂಟು ಮಂದಿ ಸತ್ತರು.

ಎಲ್ಲಕ್ಕಿಂತ ಸ್ಪಷ್ಟವಾದ ಸಾಕ್ಷ್ಯವು ದೂರದಿಂದ ಬಂದಿತು. ಹಲವು ಮೈಲಿಗಳಾಚೆ, ಕಾಲರಾದ ಸುಳಿವೇ ಇಲ್ಲದ ಹ್ಯಾಂಪ್‌ಸ್ಟೆಡ್‌ನಲ್ಲಿ, ೫೯ ವರ್ಷದ ವಿಧವೆಯೊಬ್ಬಳು ಸೆಪ್ಟೆಂಬರ್ ೨ರಂದು ಈ ಜಾಡ್ಯದಿಂದ ಸತ್ತಳು. ಆಕೆ ಬ್ರಾಡ್ ಸ್ಟ್ರೀಟಿನ ಕಡೆಗೆ ಬಂದು ಎಷ್ಟೋ ತಿಂಗಳುಗಳಾಗಿದ್ದವು. ಆದರೆ ಆ ನೀರಿನ ರುಚಿಗೆ ಮನಸೋತಿದ್ದ ಆಕೆಗಾಗಿ ಪ್ರತಿದಿನವೂ ಗಾಡಿಯಲ್ಲಿ ಒಂದು ದೊಡ್ಡ ಸೀಸೆಯ ತುಂಬ ನೀರು ಹೋಗುತ್ತಿದ್ದಿತು. ಆಕೆಯನ್ನು ನೋಡಲು ಬಂದಿದ್ದ ಬಂಧುಗಳ ಹುಡುಗಿಯೂ ಆ ನೀರನ್ನು ಕುಡಿದು, ಇಸ್ಲಿಂಗ್ಟನ್ನಿನ ತನ್ನ ಮನೆಗೆ ಹಿಂದಿರುಗಿ, ಅಲ್ಲಿ ಸತ್ತಳು. ಬ್ರಾಡ್ ಸ್ಟ್ರೀಟಿನ ಗಾಳಿಯನ್ನು ಈ ಇಬ್ಬರೂ ಸೇವಿಸಿರಲಿಲ್ಲ. ನೀರನ್ನು ಮಾತ್ರ ಸೇವಿಸಿದ್ದರು.

ಸೆಪ್ಟೆಂಬರ್ ೭ರ ಗುರುವಾರ ಸಂಜೆ ಸ್ನೋ ಪ್ಯಾರಿಷ್‌ನ ಪಾಲಕ ಮಂಡಲಿಯ ಮುಂದೆ ಹಾಜರಾಗಿ, ಆವರೆಗೆ ತಿಳಿದುಬಂದುದನ್ನು ನಿವೇದಿಸಿದನು. ಮಾರನೆಯ ದಿನ ಪಂಪಿನ ಹಿಡಿಯನ್ನು ಕಳಚಲಾಯಿತು. ಮಂಡಲಿಯವರಿಗೆ ಅವನ ವಾದವು ಮನವರಿಕೆಯಾಗಿರಲಿಲ್ಲ. ಜನರು ಹೀಗೆ ಸಾಯುತ್ತಿರುವಾಗ ಒಂದು ಹಿಡಿಯನ್ನು ತೆಗೆದು ನೋಡುವುದರಲ್ಲಿ ಹಾನಿಯೇನೆಂಬ ಮನೋಭಾವದಿಂದ ಆದ ಕಾರ್ಯವದು. ಆ ದಿನ ಹೊಸದಾಗಿ ಪ್ರಾರಂಭವಾದ ಮಾರಕ ಪ್ರಕರಣಗಳು ೧೨ ಮಾತ್ರ. ಜನರು ಊರುಬಿಟ್ಟುದರಿಂದಲೂ, ಇತರ ಕಾರಣಗಳಿಂದಲೂ ಜಾಡ್ಯವು ಮೊದಲೇ ಕುಗ್ಗಿದ್ದುದರಿಂದ, ಹಿಡಿ ತೆಗೆದುದರ ಪರಿಣಾಮವೇನೆಂದು ನಿರ್ಣಯಿಸಲಾಗದೆಂದು ಸ್ನೋ ತಾನೇ ಬರೆದನು. ತನ್ನ ಪಕ್ಷಕ್ಕೆ ಅನುಕೂಲವಾದ ಸಾಕ್ಷ್ಯವನ್ನೂ ಹೀಗೆ ತೂಗಿ ನೋಡಿದುದು ಅವನ ಶೀಲವನ್ನು ತೋರಿಸುತ್ತದೆ.

೫

ಆ ಬೀದಿಗಳಲ್ಲಿ ಜಾಡ್ಯದ ದಿನಗಳನ್ನೆಲ್ಲ ಕಳೆದ ಇನ್ನೊಬ್ಬನಿದ್ದನು. ಬೆರಿಕ್ ಸ್ಟ್ರೀಟಿನ ಸೇಂಟ್ ಲ್ಯೂಕ್ ಚರ್ಚಿನ ಉಪಪಾದ್ರಿ ಹೆನ್ರಿ ವೈಟ್‌ಹೆಡ್; ವಯಸ್ಸು ಇಪ್ಪತ್ತೆಂಟು. ಪ್ರತಿಯೊಂದು ಮನೆಯ ಮೆಟ್ಟಿಲೂ ಅವನಿಗೆ ಪರಿಚಿತ. ಯಾವ ಕೋಣೆಯಲ್ಲಿ ಯಾರಿದ್ದರು, ಯಾರು ಯಾವಾಗ ಹಾಸಿಗೆ ಹಿಡಿದರು, ಯಾರು ಉಳಿದರು ಎಂಬುದನ್ನು ಅವನಷ್ಟು ಬಲ್ಲವರು ಬೇರೆಯಿರಲಿಲ್ಲ. ಆ ವರ್ಷವೇ ಅವನು ಜಾಡ್ಯದ ವೃತ್ತಾಂತವನ್ನು ಒಂದು ಕಿರುಪುಸ್ತಕವಾಗಿ ಬರೆದನು.

ಸ್ನೋನ ಅಭಿಪ್ರಾಯವನ್ನು ಕೇಳಿದಾಗ ವೈಟ್‌ಹೆಡ್‌ಗೆ ಅದು ಅಸಂಬದ್ಧವೆಂದು ತೋರಿತು. ಪಂಪಿನ ನೀರನ್ನು ಧಾರಾಳವಾಗಿ ಕುಡಿದೂ ಕಾಲರಾದಿಂದ ಚೇತರಿಸಿಕೊಂಡವರನ್ನು ಅವನು ಕಣ್ಣಾರೆ ಕಂಡಿದ್ದನು. ಜಾಡ್ಯದ ದಿನಗಳಲ್ಲಿ ಒಂದು ರಾತ್ರಿ ಅವನೇ ಆ ನೀರನ್ನು ಬ್ರಾಂದಿಯೊಡನೆ ಕುಡಿದಿದ್ದನು, ಏನೂ ಆಗಿರಲಿಲ್ಲ. ಇದಲ್ಲದೆ ಅವನ ಮುಖ್ಯವಾದ ಆಕ್ಷೇಪವೊಂದಿದ್ದಿತು. ನೀರು ಕೆಟ್ಟಿದ್ದುದೇ ಕಾರಣವಾದರೆ, ಪಂಪು ಇನ್ನೂ ತೆರೆದಿರುವಾಗಲೇ ಜಾಡ್ಯವು ಇಳಿದುದೇಕೆ? ಈ ಪ್ರಶ್ನೆಗೆ ಸ್ನೋನ ಬಳಿಯೂ ಉತ್ತರವಿರಲಿಲ್ಲ.

೧೮೫೪ರ ನವೆಂಬರಿನಲ್ಲಿ ಸೇಂಟ್ ಜೇಮ್ಸ್ ಪ್ಯಾರಿಷ್‌ನ ವೆಸ್ಟ್ರಿಯು ಜಾಡ್ಯದ ಕಾರಣವನ್ನು ಶೋಧಿಸಲು ಒಂದು ವಿಚಾರಣಾ ಸಮಿತಿಯನ್ನು ನೇಮಿಸಿತು. ಅಂದಿನ ಕಾಲಕ್ಕೆ ಇದು ಅಸಾಧಾರಣವಾದ ಕಾರ್ಯ. ಕಂದಾಯವನ್ನು ಎತ್ತಿ ಬೀದಿದೀಪ ಹಚ್ಚಿಸುವ ಸ್ಥಳೀಯ ಸಭೆಯೊಂದು, ಜಾಡ್ಯವು ಹೋದ ಮೇಲೆ ಅದನ್ನು ಮರೆಯದೆ, ತನ್ನ ಜನರು ಏಕೆ ಸತ್ತರೆಂದು ತಾನೇ ಕೇಳಲು ಹೊರಟಿತು. ಸಮಿತಿಗೆ ವೈಟ್‌ಹೆಡ್‌ನನ್ನೂ ಸ್ನೋನನ್ನೂ ಸೇರಿಸಿಕೊಂಡರು. ಬ್ರಾಡ್ ಸ್ಟ್ರೀಟನ್ನು ಮನೆಮನೆಯಾಗಿ ವಿಚಾರಿಸುವ ಭಾರವು ವೈಟ್‌ಹೆಡ್‌ನ ಪಾಲಿಗೆ ಬಂದಿತು. ಪಂಪಿನ ವಾದವನ್ನು ತಳ್ಳಿಹಾಕುವುದು ಸುಲಭವೆಂದು ಭಾವಿಸಿಯೇ ಅವನು ಕೆಲಸಕ್ಕೆ ತೊಡಗಿದನು.

ಆದರೆ ಅವನು ಕೆಲಸವನ್ನು ಅರೆಮನಸ್ಸಿನಿಂದ ಮಾಡಲಿಲ್ಲ. ಒಂದೊಂದು ಮನೆಗೆ ನಾಲ್ಕೈದು ಸಲ ಹೋದನು. ಊರುಬಿಟ್ಟು ಹೋದವರ ಹೊಸ ವಿಳಾಸವನ್ನು ಹುಡುಕಿ ಅಲ್ಲಿಗೂ ಹೋದನು. ಸತ್ತವನು ಯಾವ ನೀರನ್ನು ಕುಡಿದನೆಂದು ಮಾತ್ರವಲ್ಲ, ಬದುಕಿರುವವನು ಯಾವ ನೀರನ್ನು ಕುಡಿದನೆಂದೂ ಕೇಳಿದನು. ಮೊದಮೊದಲು ಕುಡಿದಿಲ್ಲವೆಂದವರು ಮತ್ತೆ ಮತ್ತೆ ನೆನಪುಮಾಡಿಕೊಂಡಾಗ, ಮಗುವನ್ನು ಕಳುಹಿಸಿ ನೀರು ತರಿಸಿದುದು, ರಾತ್ರಿ ಬಾಯಾರಿದಾಗ ಕುಡಿದುದು ಹೊರಬಂದಿತು. ಅಪರಿಚಿತನಾದ ವೈದ್ಯನಿಗೆ ದೊರೆಯಲಾರದ ಉತ್ತರಗಳು ಇವು. ಸಾವಿನ ಮನೆಯಲ್ಲಿ ಪ್ರಾರ್ಥನೆ ಹೇಳಿದವನಿಗೆ ಬಾಗಿಲುಗಳು ತೆರೆದವು.

ಸತ್ತವರನ್ನು ಮಾತ್ರ ಎಣಿಸಿದರೆ ವಾದವು ಅಪೂರ್ಣವಾಗಿ ಉಳಿಯುತ್ತದೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಸತ್ತ ೭೩ ಮಂದಿಯಲ್ಲಿ ೬೧ ಮಂದಿ ಆ ನೀರನ್ನು ಕುಡಿದಿದ್ದರೆಂದರೆ ಶಂಕೆಯು ಬಲವಾಗುವುದು ನಿಜ. ಆದರೆ ಆ ಬೀದಿಯಲ್ಲಿ ಬದುಕಿ ಉಳಿದವರೂ ಅದೇ ಪ್ರಮಾಣದಲ್ಲಿ ಅದೇ ನೀರನ್ನು ಕುಡಿಯುತ್ತಿದ್ದ ಪಕ್ಷದಲ್ಲಿ, ಆ ಅಂಕಿಯಿಂದ ಏನೂ ಸಿದ್ಧವಾಗುವುದಿಲ್ಲ. ಸತ್ತವರೆಲ್ಲರೂ ರೊಟ್ಟಿಯನ್ನು ತಿಂದಿದ್ದರು, ಬದುಕಿದವರೂ ತಿಂದಿದ್ದರು, ರೊಟ್ಟಿಯು ಅಪರಾಧಿಯಾಗುವುದಿಲ್ಲ. ಕುಡಿದವರಲ್ಲಿ ಎಷ್ಟು ಮಂದಿಗೆ ರೋಗ ಬಂದಿತು, ಕುಡಿಯದವರಲ್ಲಿ ಎಷ್ಟು ಮಂದಿಗೆ ಬಂದಿತು ಎಂಬ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿ ಇಟ್ಟಾಗಲೇ ಸತ್ಯವು ಹೊರಬೀಳುವುದು.

ವೈಟ್‌ಹೆಡ್‌ನ ಲೆಕ್ಕವು ಅದನ್ನೇ ಮಾಡಿತು. ಬ್ರಾಡ್ ಸ್ಟ್ರೀಟಿನ ನಿವಾಸಿಗಳಲ್ಲಿ ಖಚಿತವಾದ ಮಾಹಿತಿ ದೊರೆತವರ ಪೈಕಿ, ಪಂಪಿನ ನೀರನ್ನು ಕುಡಿದವರು ೧೩೭. ಅವರಲ್ಲಿ ರೋಗಕ್ಕೆ ತುತ್ತಾದವರು ೮೦. ಕುಡಿಯದವರು ೨೯೭, ಅವರಲ್ಲಿ ರೋಗಕ್ಕೆ ತುತ್ತಾದವರು ೨೦. ಅಂದರೆ ಕುಡಿದವರಲ್ಲಿ ನೂರಕ್ಕೆ ೫೮, ಕುಡಿಯದವರಲ್ಲಿ ನೂರಕ್ಕೆ ಸುಮಾರು ೭. ಒಂದೇ ಬೀದಿ, ಒಂದೇ ಗಾಳಿ, ಒಂದೇ ವಾಸನೆ. ನೀರು ಮಾತ್ರ ಬೇರೆ. ಅವನು ಕಂಡ ಚೇತರಿಸಿಕೊಂಡವರೂ, ಕುಡಿದೂ ಏನೂ ಆಗದ ಅವನೂ, ಈ ಲೆಕ್ಕದಲ್ಲಿ ತಮ್ಮ ತಮ್ಮ ಸ್ಥಾನವನ್ನು ಪಡೆದರು. ಕುಡಿದವರೆಲ್ಲರೂ ಸಾಯಬೇಕೆಂಬ ನಿಯಮವೇನೂ ಇರಲಿಲ್ಲ. ಕುಡಿದವರಿಗೆ ಅಪಾಯವು ಎಂಟೊಂಬತ್ತು ಪಟ್ಟು ಹೆಚ್ಚಾಗಿದ್ದಿತೆಂಬುದೇ ಮುಖ್ಯ.

ಇನ್ನೊಂದು ಸೂಕ್ಷ್ಮವೂ ಅವನ ಗಮನಕ್ಕೆ ಬಂದಿತು. ಒಂಟಿಯಾಗಿ ಬಾಳುತ್ತಿದ್ದ ವೃದ್ಧೆಯರೂ ಅಶಕ್ತರೂ, ಮೊದಲು ಸಾಯಬೇಕಾದವರು, ಅನೇಕರು ಉಳಿದಿದ್ದರು. ಅವರಿಗೆ ಪಂಪಿನಿಂದ ನೀರು ತಂದುಕೊಡುವವರು ಯಾರೂ ಇರಲಿಲ್ಲ. ಮಕ್ಕಳುಮರಿಗಳಿಂದ ತುಂಬಿದ ಸಂಸಾರಗಳಲ್ಲಿ ನೀರು ತರುವ ಕೈಗಳಿದ್ದವು. ಸಾವೂ ಅಲ್ಲಿಗೇ ಬಂದಿತು.

೬

ಇಷ್ಟಾದರೂ ವೈಟ್‌ಹೆಡ್‌ನ ಮೂಲ ಪ್ರಶ್ನೆಯು ಉಳಿದೇ ಇದ್ದಿತು. ಬಾವಿಯು ಒಮ್ಮೆಲೆ ಕೆಟ್ಟುದು ಹೇಗೆ? ತಾನಾಗಿ ತಿಳಿಯಾದುದು ಹೇಗೆ? ೧೮೫೫ರ ವಸಂತದಲ್ಲಿ ಮರಣದ ದಾಖಲೆಗಳನ್ನು ಬೇರೆ ಕಾರಣಕ್ಕಾಗಿ ತಿರುವಿಹಾಕುತ್ತಿದ್ದಾಗ ಒಂದು ನಮೂದು ಅವನ ಕಣ್ಣಿಗೆ ಬಿದ್ದಿತು. ಬ್ರಾಡ್ ಸ್ಟ್ರೀಟಿನ ೪೦ನೆಯ ನಂಬರಿನ ಮನೆಯಲ್ಲಿ ಐದು ತಿಂಗಳ ಹೆಣ್ಣುಕೂಸೊಂದು ಸೆಪ್ಟೆಂಬರ್ ೨ರಂದು ಭೇದಿಯಿಂದ ನಿಶ್ಶಕ್ತಿಗೊಂಡು ಸತ್ತಿದ್ದಿತು. ಕೂಸಿನ ಕಾಯಿಲೆಯು ಜಾಡ್ಯವು ಸಿಡಿಯುವುದಕ್ಕೆ ಮೊದಲೇ ಪ್ರಾರಂಭವಾಗಿದ್ದಿತು. ಆ ಮನೆಯಾದರೋ ಪಂಪಿಗೆ ಎಲ್ಲಕ್ಕಿಂತ ಹತ್ತಿರದ ಮನೆ.

ಅವನು ಕೂಡಲೇ ತಾಯಿಯ ಬಳಿಗೆ ಹೋದನು. ಪೊಲೀಸ್ ಪೇದೆಯೊಬ್ಬನ ಹೆಂಡತಿಯಾದ ಆಕೆಯು ಮಗುವಿನ ಮಲಿನ ಬಟ್ಟೆಗಳನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ, ಆ ನೀರಿನಲ್ಲಿ ಒಂದಿಷ್ಟನ್ನು ಮನೆಯ ಮುಂಭಾಗದ ನೆಲಮನೆಯಲ್ಲಿದ್ದ ಮಲಗುಂಡಿಗೆ ಸುರಿದಿದ್ದಳು. ಸಮಿತಿಯು ತಡಮಾಡದೆ ಆ ಸ್ಥಳವನ್ನು ಅಗೆಸಲು ಏರ್ಪಾಟುಮಾಡಿತು. ಬಾವಿಯ ಒಳಗೋಡೆಯನ್ನು ಮಾತ್ರ ನೋಡಿದ ಹಿಂದಿನ ಪರೀಕ್ಷೆಯಲ್ಲಿ ದೋಷವೇನೂ ಕಂಡಿರಲಿಲ್ಲ. ಏಪ್ರಿಲಿನಲ್ಲಿ ಮನೆಯ ಕಡೆಯಿಂದ ಅಗೆದಾಗ ನಿಜಸ್ಥಿತಿ ಬಯಲಾಯಿತು. ಗುಂಡಿಯ ಮತ್ತು ಮೋರಿಯ ಇಟ್ಟಿಗೆಗಳು ಗಾರೆ ಕಳೆದುಕೊಂಡು ಕೈಯಿಂದ ಎತ್ತಿದರೆ ಬರುವಂತಿದ್ದವು. ಗುಂಡಿಗೂ ಬಾವಿಗೂ ನಡುವಣ ಅಂತರವು ಮೂರು ಅಡಿಗೂ ಕಡಮೆ. ನಡುವಿನ ಮಣ್ಣು ಕೊಳೆನೀರನ್ನು ಹೀರಿ ಕೆಸರಾಗಿದ್ದಿತು.

ಹೀಗೆ ಎರಡು ಪ್ರಶ್ನೆಗಳಿಗೂ ಒಂದೇ ಉತ್ತರ ದೊರೆಯಿತು. ಕೂಸಿನ ಕಾಯಿಲೆಯ ದಿನಗಳಲ್ಲಿ ರೋಗದ ಬೀಜವು ಗುಂಡಿಯಿಂದ ಬಾವಿಗೆ ಇಳಿಯಿತು. ಕೂಸು ಸತ್ತ ಮೇಲೆ ಇಳಿಯುವುದು ನಿಂತಿತು. ಬಾವಿಯ ನೀರು ದಿನದಿನಕ್ಕೆ ಬದಲಾಗುತ್ತ ಬೀಜವು ಕ್ಷೀಣಿಸಿತು. ಇಲ್ಲಿ ಮರೆಯಬಾರದ ಸಂಗತಿಯೊಂದಿದೆ. ಆ ಕ್ಷೀಣದೆಸೆಯಲ್ಲಿಯೇ, ಸೆಪ್ಟೆಂಬರ್ ೮ರಂದು, ಕೂಸಿನ ತಂದೆಯೂ ಕಾಲರಾಕ್ಕೆ ತುತ್ತಾದನು; ಹನ್ನೊಂದು ದಿನ ನರಳಿ ಸತ್ತನು. ಪಂಪಿನ ಹಿಡಿಯನ್ನು ಕಳಚಿದುದು ಅದೇ ದಿನ. ಹಿಡಿಯು ಅಲ್ಲಿಯೇ ಇದ್ದಿದ್ದರೆ ಎರಡನೆಯ ಸಲ ಅದೇ ಗುಂಡಿಯಿಂದ ಅದೇ ಬಾವಿಗೆ ವಿಷವು ಇಳಿದು, ಆಗತಾನೆ ಮನೆಗಳಿಗೆ ಹಿಂದಿರುಗಬಹುದಾಗಿದ್ದವರ ಗತಿ ಏನಾಗುತ್ತಿದ್ದಿತೆಂಬುದನ್ನು ಊಹಿಸಬಹುದು. ಹಿಡಿ ತೆಗೆದುದು ಮೊದಲ ಸಾವುಗಳನ್ನು ತಡೆಯಲಿಲ್ಲ. ಆದರೆ ನಿಷ್ಫಲವೂ ಆಗಲಿಲ್ಲ.

೭

ಪ್ಯಾರಿಷ್‌ನ ಸಮಿತಿಯು ೧೮೫೫ರ ಬೇಸಗೆಯಲ್ಲಿ ತನ್ನ ವರದಿಯನ್ನು ಒಪ್ಪಿಸಿ, ಜಾಡ್ಯವು ಹಠಾತ್ತಾಗಿ ಹಬ್ಬಿದುದಕ್ಕೆ ಬ್ರಾಡ್ ಸ್ಟ್ರೀಟಿನ ಬಾವಿಯ ನೀರಿನ ಸೇವನೆಯೇ ಕಾರಣವೆಂದು ನಿರ್ಣಯಿಸಿತು. ಸರ್ಕಾರದ ಆರೋಗ್ಯ ಮಂಡಲಿಯು ನೇಮಿಸಿದ್ದ ವಿದ್ವಾಂಸರ ಸಮಿತಿಯೂ ಅದೇ ವರ್ಷ ಅದೇ ಜಾಡ್ಯವನ್ನು ಕುರಿತು ವರದಿಮಾಡಿ, ನೀರಿನ ವಾದವನ್ನು ಒಪ್ಪಲು ಕಾರಣವಿಲ್ಲವೆಂದು ತಳ್ಳಿಹಾಕಿತು. ದೊಡ್ಡ ಸಮಿತಿಯು ಗಾಳಿಯ ತೇವವನ್ನೂ ಉಷ್ಣವನ್ನೂ ಬೀದಿಯ ವಾಸನೆಯನ್ನೂ ಅಳೆದಿದ್ದಿತು; ಚಿಕ್ಕ ಸಮಿತಿಯು ಮನೆಯ ಬಾಗಿಲನ್ನು ತಟ್ಟಿದ್ದಿತು.

ಸ್ನೋ ಆ ವೇಳೆಗೆ ಥೇಮ್ಸ್ ನದಿಯ ದಕ್ಷಿಣ ಭಾಗದಲ್ಲಿ ಇನ್ನೂ ವಿಸ್ತಾರವಾದ ಲೆಕ್ಕವೊಂದನ್ನು ಮುಗಿಸಿದ್ದನು. ಅಲ್ಲಿ ಎರಡು ಕಂಪನಿಗಳ ಕೊಳವೆಗಳು ಅದೇ ಬೀದಿಗಳಲ್ಲಿ ಹೆಣೆದುಕೊಂಡಿದ್ದವು. ಸದರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿಯು ನಗರದ ಕೊಳೆ ಸೇರುವ ಸ್ಥಳದಲ್ಲಿ ನದಿಯ ನೀರನ್ನು ಎತ್ತುತ್ತಿದ್ದಿತು. ಲ್ಯಾಂಬೆತ್ ಕಂಪನಿಯು ೧೮೫೨ರಲ್ಲಿ ನದಿಯ ಮೇಲ್ಭಾಗಕ್ಕೆ ಸ್ಥಳಾಂತರಗೊಂಡಿದ್ದಿತು. ಜಾಡ್ಯದ ಮೊದಲ ಏಳು ವಾರಗಳಲ್ಲಿ ಮೊದಲಿನ ಕಂಪನಿಯ ೪೦,೦೪೬ ಮನೆಗಳಲ್ಲಿ ೧,೨೬೩ ಮರಣಗಳು, ಎರಡನೆಯದರ ೨೬,೧೦೭ ಮನೆಗಳಲ್ಲಿ ೯೮ ಮರಣಗಳು. ಹತ್ತು ಸಾವಿರ ಮನೆಗಳಿಗೆ ಲೆಕ್ಕಹಾಕಿದರೆ ೩೧೫ ಮತ್ತು ೩೭. ಇಲ್ಲಿಯೂ ಗಾಳಿ ಒಂದೇ, ನೀರು ಬೇರೆ.

ಆದರೂ ಅಂಗೀಕಾರವು ಬೇಗ ಬರಲಿಲ್ಲ. ಬ್ರಾಡ್ ಸ್ಟ್ರೀಟಿನ ಪಂಪನ್ನು ಕೆಲಕಾಲದ ಅನಂತರ ಪುನಃ ತೆರೆದರೆಂಬುದೇ ಇದಕ್ಕೆ ನಿದರ್ಶನ. ಸ್ನೋ ೧೮೫೮ರ ಜೂನ್ ೧೬ರಂದು ನಲವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡನು. ೧೮೬೬ರಲ್ಲಿ ಪೂರ್ವ ಲಂಡನ್ನಿನಲ್ಲಿ ಕಾಲರಾವು ಮತ್ತೆ ಸಾವಿರಾರು ಜನರನ್ನು ಬಲಿತೆಗೆದುಕೊಂಡಾಗ, ರಿಜಿಸ್ಟ್ರಾರ್ ಜನರಲ್ ಕಚೇರಿಯ ಅಂಕಿಶಾಸ್ತ್ರಜ್ಞನಾದ ವಿಲಿಯಂ ಫಾರ್, ಹಿಂದೆ ಗಾಳಿಯ ವಾದವನ್ನು ಎತ್ತಿಹಿಡಿದಿದ್ದವನು, ಅದರ ಮೂಲವನ್ನು ಒಂದು ಕಂಪನಿಯ ನೀರಿನಲ್ಲಿಯೇ ತೋರಿಸಿದನು. ಅದಕ್ಕೆ ಮೊದಲೇ, ೧೮೫೫ರ ಶಾಸನದಂತೆ, ಲಂಡನ್ನಿನ ವೆಸ್ಟ್ರಿಗಳು ಆರೋಗ್ಯಾಧಿಕಾರಿಗಳನ್ನು ನೇಮಿಸುವ ಪದ್ಧತಿಯು ಬಂದಿದ್ದಿತು. ಸೇಂಟ್ ಜೇಮ್ಸ್ ಪ್ಯಾರಿಷ್‌ನ ಮೊದಲ ಆರೋಗ್ಯಾಧಿಕಾರಿಯಾದ ಎಡ್ವಿನ್ ಲ್ಯಾಂಕೆಸ್ಟರ್ ಕಾಲರಾ ವಿಚಾರಣಾ ಸಮಿತಿಯ ಸದಸ್ಯನಾಗಿದ್ದವನೇ. ೧೮೫೮ರ ಬೇಸಗೆಯಲ್ಲಿ ಥೇಮ್ಸ್ ನದಿಯ ದುರ್ನಾತವು ಪಾರ್ಲಿಮೆಂಟನ್ನೇ ಕದಲಿಸಿದ ಮೇಲೆ, ಜೋಸೆಫ್ ಬಜಾಲ್ಜೆಟ್ ಯೋಜಿಸಿದ ಮಹಾ ಒಳಚರಂಡಿಗಳು ನಗರದ ಕೊಳೆಯನ್ನು ಕೆಳಗಣ ದಿಕ್ಕಿಗೆ ಸಾಗಿಸಿದವು. ದುರ್ವಾಯುವಿನ ಭಯದಿಂದ ಕಟ್ಟಿದ ಕಾಲುವೆಗಳು ನೀರನ್ನು ಶುದ್ಧವಾಗಿ ಉಳಿಸಿದುದು ಚರಿತ್ರೆಯ ವೈಚಿತ್ರ್ಯಗಳಲ್ಲೊಂದು.

ಸ್ನೋ ಊಹಿಸಿದ ರೋಗಬೀಜವನ್ನು ಇಟಲಿಯ ಫಿಲಿಪ್ಪೋ ಪಾಚೀನಿ ೧೮೫೪ರಲ್ಲಿಯೇ ಸೂಕ್ಷ್ಮದರ್ಶಕದಲ್ಲಿ ಕಂಡು ವರ್ಣಿಸಿದ್ದನು; ಯಾರೂ ಗಮನಿಸಲಿಲ್ಲ. ೧೮೮೩ರಲ್ಲಿ ಈಜಿಪ್ಟಿಗೂ ಅಲ್ಲಿಂದ ಕಲ್ಕತ್ತೆಗೂ ಬಂದ ಜರ್ಮನಿಯ ರಾಬರ್ಟ್ ಕಾಕ್, ೧೮೮೪ರ ಮೊದಲ ಭಾಗದಲ್ಲಿ ಅಲ್ಪವಿರಾಮದಂತೆ ಬಾಗಿದ ಆ ರೋಗಾಣುವನ್ನು ಖಚಿತವಾಗಿ ತೋರಿಸಿದನು. ಕಲ್ಕತ್ತೆಯಲ್ಲಿ ಕಾಲರಾ ಹಬ್ಬಿದ್ದ ಭಾಗವೊಂದರ ಕೆರೆಯ ನೀರಿನಲ್ಲಿಯೂ ಅವನಿಗೆ ಅದು ಸಿಕ್ಕಿತು. ಆ ರೋಗಾಣುವು ಕರುಳಿನಲ್ಲಿ ವಿಷವೊಂದನ್ನು ಸ್ರವಿಸುವುದೆಂಬುದನ್ನು ಕಲ್ಕತ್ತೆಯ ಶಂಭುನಾಥ ಡೇ ೧೯೫೯ರಲ್ಲಿ ಪ್ರಯೋಗದಿಂದ ಸ್ಥಾಪಿಸಿದರು. ಉಪ್ಪು ಸಕ್ಕರೆಗಳನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿದ ನೀರನ್ನು ಕುಡಿಸಿಯೇ ಬಹುಮಂದಿ ರೋಗಿಗಳನ್ನು ಉಳಿಸಬಹುದೆಂಬುದು ೧೯೭೧ರಲ್ಲಿ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಲನಬೀಸರು ಕೈಗೊಂಡ ಚಿಕಿತ್ಸೆಯಿಂದ ಲೋಕಕ್ಕೆ ಮನದಟ್ಟಾಯಿತು. ಕೆಟ್ಟ ನೀರಿನಿಂದ ಬಂದ ಜಾಡ್ಯಕ್ಕೆ ಒಳ್ಳೆಯ ನೀರೇ ಮದ್ದಾಯಿತು.

೮

ಬ್ರಾಡ್ ಸ್ಟ್ರೀಟಿಗೆ ೧೯೩೬ರಿಂದ ಬ್ರಾಡ್ವಿಕ್ ಸ್ಟ್ರೀಟ್ ಎಂದು ಹೆಸರು. ಅಲ್ಲಿ ಸ್ಮಾರಕವಾಗಿ ಹಿಡಿಯಿಲ್ಲದ ಪಂಪೊಂದನ್ನು ನಿಲ್ಲಿಸಿದ್ದಾರೆ. ಸ್ನೋನ ಹೆಸರು ಉಳಿದಿದೆ, ಉಳಿಯಬೇಕಾದುದೇ. ಆದರೆ ಅವನ ಊಹೆಯನ್ನು ಪ್ರಮಾಣವಾಗಿ ಪರಿವರ್ತಿಸಿದವರಲ್ಲಿ, ತಪ್ಪೆಂದು ತೋರಿಸಲು ಹೊರಟು, ಕಂಡ ಸತ್ಯಕ್ಕೆ ತಲೆಬಾಗಿದ ಉಪಪಾದ್ರಿಯೂ, ತಾನು ನಂಬದ ಮಾತನ್ನೂ ಕೇಳಿ ಹಿಡಿಯನ್ನು ತೆಗೆಸಿದ ಪಾಲಕ ಮಂಡಲಿಯೂ, ಜಾಡ್ಯವು ಅಡಗಿದ ಮೇಲೆಯೂ ವಿಚಾರಣೆಯನ್ನು ಬಿಡದ ವೆಸ್ಟ್ರಿಯೂ ಸೇರಿದ್ದರೆಂಬುದನ್ನು ಮರೆಯಲಾಗದು. ಜಾಡ್ಯವೊಂದರ ಮೂಲವನ್ನು ತಿಳಿಯಲು ಶಾಸ್ತ್ರಜ್ಞಾನವು ಬೇಕು. ಜೊತೆಗೆ ಯಾವ ಮನೆಯಲ್ಲಿ ಯಾರು ಬಾಳುತ್ತಾರೆ, ಅವರಿಗೆ ನೀರು ತಂದುಕೊಡುವವರು ಯಾರು ಎಂದು ಬಲ್ಲ ನೆರೆಹೊರೆಯ ಜ್ಞಾನವೂ ಬೇಕು.

ವೈಟ್‌ಹೆಡ್ ಮುಂದೆ ಲಂಡನ್ನನ್ನು ಬಿಟ್ಟು ಇಂಗ್ಲೆಂಡಿನ ಉತ್ತರ ಭಾಗದ ಚರ್ಚುಗಳಲ್ಲಿ ಸೇವೆಮಾಡಿ ೧೮೯೬ರಲ್ಲಿ ನಿಧನನಾದನು. ಸ್ನೋನ ಚಿತ್ರವೊಂದನ್ನು ಅವನು ಕೊನೆಯವರೆಗೂ ತನ್ನ ಓದುವ ಕೋಣೆಯಲ್ಲಿ ಇಟ್ಟುಕೊಂಡಿದ್ದನು. ಕಾಲರಾದ ಮಹಾಮಾರಿಗಳು ಕಳೆದ ಕಾಲದ ಸಂಗತಿಗಳಾಗುವ ದಿನವೊಂದು ಬರುವುದೆಂದೂ, ಅದು ಹರಡುವ ಬಗೆಯನ್ನು ತಿಳಿದುದರಿಂದಲೇ ಆ ದಿನವು ಬರುವುದೆಂದೂ, ಅದನ್ನು ನೋಡಲು ತಾವಿಬ್ಬರೂ ಇರದೆ ಹೋಗಬಹುದೆಂದೂ ಸ್ನೋ ಒಮ್ಮೆ ತನ್ನೊಡನೆ ಹೇಳಿದುದನ್ನು ವೈಟ್‌ಹೆಡ್ ಬರೆದಿಟ್ಟಿದ್ದಾನೆ. ಲಂಡನ್ನಿನ ಮಟ್ಟಿಗೆ ಆ ದಿನವು ವೈಟ್‌ಹೆಡ್‌ನ ಜೀವಿತಕಾಲದಲ್ಲಿಯೇ ಬಂದಿತು. ೧೮೬೬ರ ಅನಂತರ ಆ ನಗರದಲ್ಲಿ ಕಾಲರಾವು ಮಹಾಮಾರಿಯಾಗಿ ಮತ್ತೆ ಹಬ್ಬಲಿಲ್ಲ. ಜಗತ್ತಿನಲ್ಲಿ ಎಲ್ಲೆಲ್ಲಿ ಮಲಗುಂಡಿಗೂ ಕುಡಿಯುವ ನೀರಿಗೂ ನಡುವೆ ಮೂರಡಿಯ ಸಡಿಲ ಮಣ್ಣು ಮಾತ್ರ ಉಳಿದಿದೆಯೋ, ಅಲ್ಲಿನ ಜನರಿಗೆ ಆ ದಿನವು ಇನ್ನೂ ಬರಬೇಕಾಗಿದೆ.